ಜಲಜನಕ ಹೊರಟ ದಾರಿ

1845ರಲ್ಲಿ ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಹೋಯಿತು. ಬರೆದವನು ಜಾನ್ ಜೇಮ್ಸ್ ವಾಟರ್‌ಸ್ಟನ್, ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಪಾಠ ಹೇಳುತ್ತಿದ್ದ ಸ್ಕಾಟ್ಲೆಂಡಿನ ಮೇಷ್ಟರು. ಗಾಳಿಯೆಂದರೆ ಎಡೆಬಿಡದೆ ಓಡುವ ಕಣಗಳ ಹಿಂಡು, ಒಂದೇ ಉಷ್ಣತೆಯಲ್ಲಿ ಹಗುರ ಕಣ ಭಾರದ ಕಣಕ್ಕಿಂತ ಜೋರಾಗಿ ಓಡುತ್ತದೆ ಎಂಬುದು ಅವನ ವಾದ. ಪರಿಶೀಲಿಸಿದವರು ಅದನ್ನು ಅರ್ಥಹೀನವೆಂದು ತಳ್ಳಿಹಾಕಿದರು. ಹಸ್ತಪ್ರತಿ ಸೊಸೈಟಿಯ ಕಡತದಲ್ಲೇ ಉಳಿಯಿತು. 1883ರಲ್ಲಿ ಎಡಿನ್‌ಬರೋದ ಮನೆಯಿಂದ ನಡೆದುಹೋದ ವಾಟರ್‌ಸ್ಟನ್ ಮರಳಿ ಬರಲಿಲ್ಲ. 1891ರಲ್ಲಿ ಲಾರ್ಡ್ ರೇಲಿ ಆ ಪ್ರತಿಯನ್ನು ಹುಡುಕಿ ತೆಗೆದ, ಮರುವರ್ಷ ಅಚ್ಚಾಯಿತು. ಅಷ್ಟರಲ್ಲಿ ಮ್ಯಾಕ್ಸ್‌ವೆಲ್ ಮತ್ತು ಬೋಲ್ಟ್ಸ್‌ಮನ್ ಅದೇ ತತ್ವವನ್ನು ತಾವಾಗಿಯೇ ಕಟ್ಟಿ ಮುಗಿಸಿದ್ದರು.

ಗ್ರಹಗಳು ತಮ್ಮ ನೀರನ್ನು ಹೇಗೆ ಕಳೆದುಕೊಳ್ಳುತ್ತವೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ತತ್ವದಿಂದಲೇ. ಐರ್ಲೆಂಡಿನ ಜಾನ್‌ಸ್ಟನ್ ಸ್ಟೋನಿ 1898ರಲ್ಲಿ, ಇಂಗ್ಲೆಂಡಿನ ಜೇಮ್ಸ್ ಜೀನ್ಸ್ 1904ರಲ್ಲಿ ಅದನ್ನು ಗ್ರಹಗಳ ವಾಯುಮಂಡಲಕ್ಕೆ ಅನ್ವಯಿಸಿದರು. ಭೂಮಿಯನ್ನು ಬಿಟ್ಟುಹೋಗಲು ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ಸುಮಾರು 500 ಕಿಲೋಮೀಟರ್ ಮೇಲೆ ಗಾಳಿ ಎಷ್ಟು ತೆಳುವೆಂದರೆ, ಮೇಲಕ್ಕೆ ಹಾರಿದ ಕಣಕ್ಕೆ ಡಿಕ್ಕಿ ಹೊಡೆಯಲು ಇನ್ನೊಂದು ಕಣ ಸಿಗುವುದೇ ಅಪರೂಪ. ಅಲ್ಲಿನ ಬಿಸಿಯಲ್ಲಿ ಆಮ್ಲಜನಕದ ಪರಮಾಣು ಸಾಮಾನ್ಯವಾಗಿ ಸೆಕೆಂಡಿಗೆ 1 ಕಿಲೋಮೀಟರ್, ಜಲಜನಕದ್ದು 4 ಕಿಲೋಮೀಟರ್ ಓಡುತ್ತದೆ. ನಾಲ್ಕು ಕೂಡ ಸಾಲದು, ನಿಜ. ಆದರೆ ಎಲ್ಲ ಪರಮಾಣುಗಳ ವೇಗವೂ ಒಂದೇ ಅಲ್ಲ. ಗುಂಪಿನಲ್ಲಿ ತೀರಾ ಚುರುಕಾದ ಕೆಲವು ಹನ್ನೊಂದನ್ನು ದಾಟುತ್ತವೆ, ದಾಟಿದವು ಹಿಂದಿರುಗುವುದಿಲ್ಲ. ಹೀಗೆ, ಇತರ ದಾರಿಗಳೂ ಸೇರಿ, ಭೂಮಿ ಸೆಕೆಂಡಿಗೆ ಸುಮಾರು 3 ಕೆಜಿ ಜಲಜನಕ ಕಳೆದುಕೊಳ್ಳುತ್ತದೆ.

ನೀರನ್ನು ಹುಟ್ಟಿಸುವುದು ಎಂಬ ಅರ್ಥದ ಗ್ರೀಕ್ ಬೇರಿನ ಹೆಸರಿಗೆ ನಾವು ಜಲಜನಕ ಎಂದೆವು. ಜನಕ ಊರು ಬಿಟ್ಟರೆ ಜಲವೂ ಇಲ್ಲ. ಹಾಗಿದ್ದರೆ ನಮ್ಮ ಸಾಗರ ಇನ್ನೂ ಏಕೆ ತುಂಬಿದೆ?

ಉತ್ತರದ ಅರ್ಧ ಇಗತಪುರಿಯ ಮಳೆಗಾಲದಲ್ಲಿ ಕಾಣುತ್ತದೆ. ಮುಂಬಯಿ ಕಡೆಯಿಂದ ಬರುವ ಕಡಲ ಗಾಳಿ ಕಸಾರಾ ಘಾಟಿ ಹತ್ತುವಾಗ ತಣ್ಣಗಾಗುತ್ತದೆ, ಹೊತ್ತ ನೀರನ್ನು ಇಲ್ಲೇ ಸುರಿಯುತ್ತದೆ. ಘಟ್ಟ ದಾಟಿ ನಾಸಿಕ್ ಮುಟ್ಟುವಷ್ಟರಲ್ಲಿ ಮಳೆ ಬಹಳ ಕಡಿಮೆ. ಇಡೀ ಭೂಮಿಯ ಮೇಲೂ ಇಂಥದೊಂದು ಘಟ್ಟವಿದೆ, ಕಲ್ಲಿನದಲ್ಲ, ಚಳಿಯದು. ಉಷ್ಣವಲಯದಲ್ಲಿ 16–17 ಕಿಲೋಮೀಟರ್ ಎತ್ತರದ ಗಾಳಿ ಮೈನಸ್ 80 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಏರಿದ ಆವಿ ಅಲ್ಲಿಗೆ ಮುಟ್ಟುವ ಮೊದಲೇ ಮಂಜುಗಟ್ಟಿ ಕೆಳಗಿಳಿಯುತ್ತದೆ. ನೇಸರನ ತೀಕ್ಷ್ಣ ಕಿರಣ ನೀರನ್ನು ಒಡೆಯುವ ಎತ್ತರಕ್ಕೆ ತಲುಪುವ ಆವಿ ಅತ್ಯಲ್ಪ. ಡೊನಾಲ್ಡ್ ಹಂಟನ್ 1973ರಲ್ಲಿ ತೋರಿಸಿದ್ದೂ ಇದನ್ನೇ: ಜಲಜನಕ ಎಷ್ಟು ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಬಾಗಿಲಲ್ಲ, ಬಾಗಿಲವರೆಗಿನ ದಾರಿ. ಈಗಿನ ಲೆಕ್ಕದಲ್ಲಿ ನೂರು ಕೋಟಿ ವರ್ಷಕ್ಕೆ ಸಾಗರ ಇಳಿಯುವುದು ಎರಡು ಮೂರು ಮೀಟರ್ ಮಾತ್ರ.

ಶುಕ್ರನಿಗೆ ಆ ತಡೆ ಉಳಿಯಲಿಲ್ಲ ಎಂಬುದು ವಿಜ್ಞಾನಿಗಳ ಊಹೆ. ಸಾಕ್ಷಿ ಹೇಳುವುದು ಡ್ಯೂಟೀರಿಯಮ್, ಅಂದರೆ ದುಪ್ಪಟ್ಟು ತೂಕದ ಜಲಜನಕ. ಹಗುರದ್ದು ಬೇಗ ಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಶುಕ್ರನಲ್ಲಿ ಡ್ಯೂಟೀರಿಯಮ್ಮಿನ ಪಾಲು ಭೂಮಿಯದಕ್ಕಿಂತ ನೂರು ಪಟ್ಟಿಗೂ ಹೆಚ್ಚು, ಮಂಗಳನಲ್ಲಿ ಐದಾರು ಪಟ್ಟು. ಉಳಿದದ್ದನ್ನು ಎಣಿಸಿ ಹೋದದ್ದನ್ನು ಅಂದಾಜಿಸುವ ವಿದ್ಯೆ ಇದು.

ಈ ಎಣಿಕೆಗೆಂದೇ ಬೆಂಗಳೂರಿನಲ್ಲಿ ಇಸ್ರೋದ ಲಿಯೋಸ್ ಪ್ರಯೋಗಾಲಯ ಒಂದು ಉಪಕರಣ ಮಾಡಿತು: ಲೈಮನ್ ಆಲ್ಫಾ ಫೋಟೋಮೀಟರ್, ತೂಕ 1.97 ಕೆಜಿ. ಜಲಜನಕ ಸೂಸುವ 121.6 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಬೆಳಕನ್ನು ಹಿಡಿದು, ಹಗುರದ್ದೆಷ್ಟು ಭಾರದ್ದೆಷ್ಟು ಎಂದು ಬೇರ್ಪಡಿಸುವುದು ಅದರ ಕೆಲಸ. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಮಂಗಳಯಾನದ ಜೊತೆ ಹೊರಟು, 2014ರ ಸೆಪ್ಟೆಂಬರ್ 24ರಂದು ಅದು ಮಂಗಳನ ಕಕ್ಷೆ ಸೇರಿತು. ಕಂಪನಿಯ ಮೇಷ್ಟರು ಮುಂಬಯಿಯಿಂದ ಕಳಿಸಿದ ಕಾಗದಕ್ಕೆ ಆಗ ನೂರ ಅರವತ್ತೊಂಬತ್ತು ವರ್ಷ.