ಪ್ರತ್ಯೇಕವಾಸದ ತೊಟ್ಟಿ ಮತ್ತು ಹದಗೊಂಡ ನೀರು: ಒಂದು ಐತಿಹಾಸಿಕ ವಿವೇಚನೆ

ಹೊಸದಾಗಿ ತಂದ ಮೀನನ್ನು ಹಳೆಯ ಮೀನುಗಳ ನಡುವೆ ಒಡನೆಯೇ ಬಿಡದೆ, ಕೆಲವು ವಾರ ಬೇರೊಂದು ತೊಟ್ಟಿಯಲ್ಲಿಟ್ಟು ಪರೀಕ್ಷಿಸುವ ಪದ್ಧತಿಯನ್ನು ಅಲಂಕಾರದ ಮೀನು ಸಾಕುವವರು ಬಲ್ಲರು. ಈ ಪದ್ಧತಿ ಒಂದೇ ಮೂಲದಿಂದ ಬಂದುದಲ್ಲ. ಬೇರೆಯಾಗಿಡುವುದು ಬಂದರುಗಳಲ್ಲಿ ಬೆಳೆದ ವಿಚಾರ. ನೀರನ್ನು ಮುಂಚಿತವಾಗಿ ಹದಗೊಳಿಸುವುದು ಕೃಷಿ ರಸಾಯನದಿಂದ ಬಂದ ವಿಚಾರ. ಇವೆರಡೂ ಕೂಡದ ತೊಟ್ಟಿಯು ಮೀನನ್ನು ರಕ್ಷಿಸುವ ಬದಲು ಕೊಲ್ಲುತ್ತದೆ. ಇದನ್ನೇ ನಾವಿಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೀನನ್ನು ವಿನೋದಕ್ಕಾಗಿ ಪೋಷಿಸುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (1126–1138) ರಚಿಸಿದ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವುಂಟು. ಮೀನುಗಳ ಜಾತಿಭೇದ, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ ಹಾಕುವ ಬಗೆ ಅಲ್ಲಿ ನಿರೂಪಿತವಾಗಿವೆ. ಆದರೆ ನದಿಯ, ಕೆರೆಯ ವಿಸ್ತಾರದಲ್ಲಿ ಮೀನಿನ ಮಲವನ್ನು ಕರಗಿಸುವ ಕೆಲಸವನ್ನು ಮಣ್ಣೂ ಪಾಚಿಯೂ ಸದ್ದಿಲ್ಲದೆ ಮಾಡುತ್ತವೆ. ಸಮಸ್ಯೆ ಹುಟ್ಟಿದ್ದು ಗಾಜಿನ ನಾಲ್ಕು ಗೋಡೆಗಳ ನಡುವೆ.

ಬಂದರಿನ ಕಥೆ ಪ್ರಸಿದ್ಧವಾದುದರಿಂದ ವಿಸ್ತರಿಸಬೇಕಿಲ್ಲ. ಪ್ಲೇಗಿನ ಭಯದಿಂದ 1377ರಲ್ಲಿ ರಗೂಸಾ ನಗರವು ಹೊರಗಿನಿಂದ ಬಂದವರನ್ನು 30 ದಿನ ದೂರವಿರಿಸಿತು. ಮುಂದೆ ಈ ಅವಧಿ 40 ದಿನಗಳಿಗೆ ಏರಿ, ನಲವತ್ತು ಎಂಬ ಅರ್ಥದ ಇಟಾಲಿಯನ್ ಪದದಿಂದ ಕ್ವಾರಂಟೈನ್ ಎಂಬ ಹೆಸರಾಯಿತು.

ಎರಡನೆಯ ಕಥೆ ಅಷ್ಟು ಪರಿಚಿತವಲ್ಲ. ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ 1850ರ ಸುಮಾರಿಗೆ ಒಂದು ಪಾತ್ರೆಯಲ್ಲಿ ಎರಡು ಚಿನ್ನದ ಮೀನು, ವ್ಯಾಲಿಸ್ನೇರಿಯಾ ಎಂಬ ಜಲಸಸ್ಯ ಮತ್ತು ಕೊಳೆತ ಎಲೆ ತಿನ್ನುವ ಬಸವನಹುಳುಗಳನ್ನಿಟ್ಟು, ನೀರು ಬದಲಿಸದೆ ಅವು ಬಾಳಬಲ್ಲವೆಂದು ತೋರಿಸಿದನು. ಸಸ್ಯವು ಆಮ್ಲಜನಕ ಕೊಡುವುದು, ಮೀನು ಇಂಗಾಲಾಮ್ಲ ಬಿಡುವುದು, ಇಷ್ಟರಿಂದಲೇ ಸಮತೋಲನ ಸಿದ್ಧಿಸಿತೆಂಬುದು ಅವನ ವಿವರಣೆಯ ತಿರುಳು. ಅದು ಅರ್ಧಸತ್ಯ. ಉಳಿದರ್ಧವನ್ನು ಅರಸಿದವರಲ್ಲಿ ಅವನ ಮಗನೇ ಒಬ್ಬನೆಂಬುದು ಚರಿತ್ರೆಯ ವಿನೋದ. ಅದೇ ಹೆಸರಿನ ಆ ಮಗನು ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಮಣ್ಣಿನೊಳಗಿನ ಅಮೋನಿಯಾ ನೈಟ್ರೇಟಾಗುವ ಕ್ರಿಯೆಯನ್ನು ವರ್ಷಗಟ್ಟಲೆ ಅಭ್ಯಸಿಸಿದನು.

ಮಗನಿಗೆ ದಾರಿ ತೋರಿದ್ದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್ 1877ರಲ್ಲಿ ಪ್ರಕಟಿಸಿದ ಪ್ರಯೋಗ. ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಅವರು ಚರಂಡಿಯ ನೀರನ್ನು ನಿಧಾನವಾಗಿ ಹರಿಯಿಸಿದರು. ಸುಮಾರು 20 ದಿನ ಅಮೋನಿಯಾ ಹಾಗೆಯೇ ಹೊರಬಂದಿತು. ಬಳಿಕ ಅದು ಕಡಿಮೆಯಾಗಿ ನೈಟ್ರೇಟ್ ಕಾಣಿಸಿತು. ಕ್ಲೋರೋಫಾರ್ಮಿನ ಆವಿ ಹಾಯಿಸಿದಾಗ ಕ್ರಿಯೆ ನಿಂತಿತು. ಆದುದರಿಂದ ಅದು ಜೀವಿಗಳ ಕೆಲಸ. ಆ ಜೀವಿಗಳನ್ನು ಬೇರ್ಪಡಿಸಿದ ಕೀರ್ತಿ 1890ರ ಸುಮಾರಿಗೆ ವಿನೊಗ್ರಾಡ್ಸ್ಕಿಗೆ ಸಂದಿತು. ಒಂದು ವರ್ಗವು ಅಮೋನಿಯಾವನ್ನು ನೈಟ್ರೈಟಾಗಿಯೂ ಮತ್ತೊಂದು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತದೆ. ಇಂದಿನ ಮೀನುಸಾಕಣೆಗಾರನು ತೊಟ್ಟಿಯನ್ನು ಹದಕ್ಕೆ ತರಲು ನಾಲ್ಕಾರು ವಾರ ಕಾಯುವುದರ ಮೂಲರೂಪ ಆ ಕೊಳವೆಯಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ. ಬಂದರಿನ 40 ದಿನಕ್ಕೂ ಈ ಕಾಯುವಿಕೆಗೂ ತೋರುವ ಸಾಮ್ಯವು ಕೇವಲ ಆಕಸ್ಮಿಕ. ಅದರಿಂದ ಸಂಬಂಧ ಕಲ್ಪಿಸುವುದು ತರವಲ್ಲ.

ಉಪೇಕ್ಷೆಯ ಫಲವೇನೆಂಬುದಕ್ಕೆ ಉದಾಹರಣೆ ದೂರದ್ದಲ್ಲ. ಸೊಳ್ಳೆಮರಿ ತಿನ್ನಲೆಂದು 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ತಂದ ಗ್ಯಾಂಬೂಸಿಯಾ ಮೀನು ಮಲೇರಿಯಾ ನಿವಾರಣೆಗೆ ನೆರವಾಯಿತೆನ್ನುವವರುಂಟು. ಸ್ಥಳೀಯ ಕಿರುಮೀನುಗಳಿಗೆ ಅದು ಕಂಟಕವಾಯಿತೆಂಬ ಆಕ್ಷೇಪವೂ ಬಲವಾದುದೇ. 1988ರಲ್ಲಿ ಈಶಾನ್ಯದಿಂದ ಭಾರತವನ್ನು ಹೊಕ್ಕ ಹುಣ್ಣುರೋಗವು ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಹಬ್ಬಿ, ಕೊರವ ಮೀನಿನಂತಹ ಬಡವರ ಆಹಾರವನ್ನೇ ಹಾಳುಮಾಡಿತು. ಅಫನೋಮೈಸಿಸ್ ಎಂಬ ಬೂಷ್ಟಿನಂತಹ ಜೀವಿ ಅದರ ಕಾರಣ. ಕೆರೆಯೊಂದನ್ನು ರೋಗ ಹೊಕ್ಕ ಮೇಲೆ ಬೇರ್ಪಡಿಸುವುದು ಅಸಾಧ್ಯ.

ಇನ್ನು ಯಾದಗಿರಿ ಸೀಮೆಯ ಮುದನಾಳದಂತಹ ಊರಿನ ಮನೆಯಲ್ಲಿ ಇದನ್ನು ಆಚರಿಸುವ ಬಗೆ. ಭೀಮಾ ಕಣಿವೆಯಲ್ಲಿ ಶಹಾಬಾದ್ ಕಲ್ಲಿನ ಸುಣ್ಣದ ಪದರಗಳಿರುವ ಕಡೆ ಬಾವಿಯ ನೀರು ಗಡಸು ಹಾಗೂ ಕ್ಷಾರಯುಕ್ತ. ಇದು ಇಬ್ಬಗೆಯ ಗುಣ. ನೈಟ್ರೇಟ್ ಮಾಡುವ ಜೀವಿಗಳು ಕ್ಷಾರವನ್ನು ವ್ಯಯಿಸುವುದರಿಂದ ಅವುಗಳಿಗೆ ಇಂತಹ ನೀರು ಅನುಕೂಲ. ಫ್ರೆಂಚರು ಕೊಳವೆಗೆ ಸುಣ್ಣಕಲ್ಲು ಬೆರೆಸಿದ್ದುದು ಇಲ್ಲಿ ನೆನಪಾಗುತ್ತದೆ. ಆದರೆ ಪಿ.ಎಚ್. 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಾಂಶ ಸುಮಾರು ಹತ್ತುಪಟ್ಟು ಹೆಚ್ಚುತ್ತದೆ. ಬೇಸಿಗೆಯ ಶಾಖವು ಅದನ್ನು ಮತ್ತಷ್ಟು ಏರಿಸಿ, ನೀರಿನ ಆಮ್ಲಜನಕವನ್ನೂ ತಗ್ಗಿಸುತ್ತದೆ. ಹದಗೊಳ್ಳದ ತೊಟ್ಟಿ ಇಲ್ಲಿ ಬೇಗ ಕೊಲ್ಲುತ್ತದೆ.

ಸುಮಾರು 40 ಲೀಟರಿನ ತೊಟ್ಟಿ, ಗಾಳಿಯಿಂದ ನಡೆಯುವ ಸ್ಪಂಜಿನ ಶೋಧಕ, ಮೀನು ಅಡಗಲು ಕೊಳವೆಯ ತುಂಡು, ಇಷ್ಟು ಸಾಕು. ಔಷಧವನ್ನೂ ಕೊಳೆಯನ್ನೂ ಹಿಡಿದಿಡುವುದರಿಂದ ಜಲ್ಲಿ ಬೇಡ. ಸ್ಪಂಜನ್ನು ಆರೋಗ್ಯವಾದ ಹಳೆಯ ತೊಟ್ಟಿಯಲ್ಲಿ ಕೆಲವು ವಾರ ಮೊದಲೇ ಇಟ್ಟಿದ್ದರೆ ಕಾಯುವ ಕಾಲ ಬಹುಮಟ್ಟಿಗೆ ಉಳಿಯುತ್ತದೆ. ಹಾಗಿಲ್ಲದಿದ್ದರೆ, ಕ್ಲೋರಿನ್ ಕಳೆದ ನೀರಿಗೆ ಲೀಟರಿಗೆ 2 ಮಿಲಿಗ್ರಾಮಿನಷ್ಟು ಅಮೋನಿಯಾ ಸೇರಿಸಿ, ಅದು ಒಂದು ದಿನದೊಳಗೆ ನೈಟ್ರೈಟನ್ನೂ ಉಳಿಸದೆ ಮಾಯವಾಗುವ ತನಕ ಕಾಯಬೇಕು. ಮೀನು ಬಿಡುವ ಮುನ್ನ ನೀರಿನ ಬಹುಭಾಗವನ್ನು ಬದಲಿಸಬೇಕು. ಆಮೇಲೆ ಮೀನಿಗೆ ನಾಲ್ಕು ವಾರದ ವಾಸ. ಬಲೆ, ಬಕೆಟ್ಟು ಬೇರೆಯೇ ಇರಲಿ. ಔಷಧ ಹಾಕಿದ್ದರೆ ಸ್ಪಂಜಿನ ಜೀವಿಗಳು ಸತ್ತಿರಬಹುದಾದುದರಿಂದ ಅಮೋನಿಯಾವನ್ನು ಪ್ರತಿದಿನವೂ ಅಳೆಯಬೇಕು. ರೋಗ ಕಂಡ ತೊಟ್ಟಿಯ ಸ್ಪಂಜನ್ನು ಹಳೆಯ ತೊಟ್ಟಿಗೆ ಮರಳಿಸದೆ ಎಸೆಯಬೇಕು.