ಸೇಂದಿಯ ರುಚಿ

ಬೆಂಗಳೂರಿನಲ್ಲಿ ಈಗ ಬಗೆಬಗೆಯ ಬಿಯರನ್ನು ಗುಟುಕು ಗುಟುಕಾಗಿ ಚಪ್ಪರಿಸಿ ಅಂಕ ಕೊಡುವವರಿದ್ದಾರಂತೆ. ನಮ್ಮ ರಾಯಚೂರು ಸೀಮೆಗೆ ಇದೇನೂ ಹೊಸದಲ್ಲ. ಈಚಲ ಮರದ ಸೇಂದಿ ಯಾವುದು, ತಾಳೆ ಮರದ ತಾಡಿ ಯಾವುದು ಎಂದು ಹಳಬರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಇದಕ್ಕೆ ಬಿಯರಿನಂತೆ ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಕುದಿಸುವ ಗೊಡವೆಯಿಲ್ಲ. ಗಡಿಗೆಗೆ ಇಳಿದ ರಸ ತಾನಾಗಿಯೇ ಹುಳಿಯುತ್ತದೆ. ಹೊತ್ತಿಗೊಂದು ರುಚಿ. ನಮ್ಮಜ್ಜಿ ಒಂದು ಹನಿ ಕುಡಿದವಳಲ್ಲ, ಆದರೂ ಅವಳ ತೀರ್ಪು ಹೀಗಿತ್ತು: “ಮುಂಜಾನಿದು ಸಿಹಿ, ಮಧ್ಯಾಹ್ನದ್ದು ಹುಳಿ, ಸಂಜೀದು ಜಗಳ.”

ನಿಜಾಮರ ಸರ್ಕಾರಕ್ಕೆ ಮಾತ್ರ ಎಲ್ಲ ಹೊತ್ತಿನದೂ ಸಿಹಿಯೇ! ಅಬಕಾರಿ ಅದರ ದೊಡ್ಡ ಆದಾಯಗಳಲ್ಲೊಂದು. ಅದಕ್ಕೇ 1947ರ ವಿಮೋಚನಾ ಚಳವಳಿಯಲ್ಲಿ ಹೈದರಾಬಾದ್ ಸಂಸ್ಥಾನದ ಸತ್ಯಾಗ್ರಹಿಗಳು ಈಚಲ ಮರಗಳಿಗೆ ಕೊಡಲಿ ಹಾಕಿದರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಅಂಗಡಿಯ ಗುತ್ತಿಗೆ ಉಳಿಯಿತು. ಮುಂದೆ ಮರಗಳಿಗಿಂತ ಗಿರಾಕಿಗಳೇ ಹೆಚ್ಚಾದಾಗ ಸೇಂದಿಯ ಹೆಸರಿನಲ್ಲಿ ನೀರು, ಸ್ಯಾಕರಿನ್, ಕ್ಲೋರಲ್ ಹೈಡ್ರೇಟ್ ಮಾರಾಟವಾದವು. ಜನ ಅದನ್ನು ಸಿ.ಎಚ್. ಪೌಡರ್ ಎನ್ನುತ್ತಾರೆ. ಮೂಲತಃ ನಿದ್ದೆ ಬರಿಸುವ ಔಷಧಿ. ಚಟ ಹತ್ತಿದವರು ಬಿಟ್ಟರೆ ಕೈ ನಡುಕ, ಭ್ರಮೆ. ಇಂಥ ಬೆರಕೆಯಲ್ಲಿ ರುಚಿ ನೋಡುವುದೇನು ಬಂತು?

2007ರಲ್ಲಿ ರಾಜ್ಯ ಸರ್ಕಾರ ಸಾರಾಯಿ ನಿಷೇಧಿಸಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಅಗ್ಗವೆಂದರೂ ಸಾರಾಯಿಗಿಂತ ದುಬಾರಿ. ಕೂಲಿಯ ದುಡ್ಡು ಇನ್ನೂ ಬೇಗ ಕರಗಿತು. 2019ರ ಜನವರಿಯಲ್ಲಿ ಪೂರ್ಣ ಮದ್ಯನಿಷೇಧ ಕೇಳಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ನಡೆದರು. ಅವರಲ್ಲಿ ನಮ್ಮ ಜಿಲ್ಲೆಯವರೂ ಬಹಳ ಮಂದಿ. ಹೆಚ್ಚಿನವರು ಕೂಲಿಯವರು, ಅಷ್ಟೂ ದಿನದ ಕೂಲಿ ಬಿಟ್ಟು ಹೊರಟಿದ್ದರು.