ಹಾಜರಿ ಪುಸ್ತಕಕ್ಕೆ ಬಾರದ ದುಡಿಮೆ



ಒಂದು ಉದ್ಯಮದ ಶ್ರಮ ಸಾಂದ್ರತೆಯನ್ನು ಅಳೆಯುವ ಲೆಕ್ಕ ಕೇಳಲು ಸುಲಭ. ದುಡಿದವರ ಸಂಖ್ಯೆಯನ್ನು ಉತ್ಪನ್ನದ ಬೆಲೆಯಿಂದ ಭಾಗಿಸಿದರೆ, ಲಕ್ಷ ರೂಪಾಯಿಯ ಮಾಲಿಗೆ ಎಷ್ಟು ಜನ ಬೇಕಾಯಿತು ಎಂಬುದು ಸಿಗುತ್ತದೆ. ಹಳೆಯ ಮೈಸೂರು ಸಂಸ್ಥಾನದ ಎರಡು ಉದ್ಯಮಗಳಿಗೆ ಈ ಲೆಕ್ಕ ಹಾಕಲು ಹೋಗಿ ನಾನು ತೊಡಕಿಗೆ ಬಿದ್ದದ್ದು ಭಾಗಾಕಾರದಲ್ಲಲ್ಲ, ದುಡಿದವರು ಯಾರು ಎಂಬಲ್ಲಿ.

ಮೊದಲನೆಯದು ಭದ್ರಾವತಿ. 1923ರಲ್ಲಿ ಅಲ್ಲಿ ಕಬ್ಬಿಣ ತಯಾರಾಗತೊಡಗಿದಾಗ ಕುಲುಮೆಗೆ ಹಾಕುತ್ತಿದ್ದುದು ಮಲೆನಾಡಿನ ಮರದ ಇದ್ದಿಲು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಕುಲುಮೆಯ ಕೆಲಸಗಾರರು ಸಿಗುತ್ತಾರೆ. ಕಾಡಿನಲ್ಲಿ ಮರ ಕಡಿದವರು, ಸಾಗಿಸಿದವರು ಎಲ್ಲರೂ ಸಿಗುವುದಿಲ್ಲ. ವಾಸಿಲಿ ಲಿಯೊಂಟಿಫ್ 1930ರ ದಶಕದಲ್ಲಿ ಬೆಳೆಸಿದ ಹೂಡುವಳಿ-ಹುಟ್ಟುವಳಿ ಕೋಷ್ಟಕ ಇಂಥ ಪರೋಕ್ಷ ಶ್ರಮವನ್ನು ಹಿಡಿಯುತ್ತದೆ. ಒಂದು ವಲಯ ಇನ್ನೊಂದರಿಂದ ಕೊಂಡದ್ದರ ಜಾಡು ಹಿಡಿದು ಅದು ಹಿಂದೆ ಹಿಂದೆ ಹೋಗುತ್ತದೆ.

ಎರಡನೆಯದು ರೇಷ್ಮೆ. ಇಲ್ಲಿ ಆ ಕೋಷ್ಟಕಕ್ಕೂ ದಿಕ್ಕು ತಪ್ಪುತ್ತದೆ, ಏಕೆಂದರೆ ಮನೆಯವರ ದುಡಿಮೆಯನ್ನು ಯಾರೂ ಕೊಳ್ಳುವುದಿಲ್ಲ. ಹುಳು ನಾಲ್ಕು ಜ್ವರ ದಾಟಿ ಗೂಡು ಕಟ್ಟಲು ಸುಮಾರು ನಾಲ್ಕು ವಾರ ಬೇಕು. ಕೊನೆಯ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಕೊನೆಯಿಲ್ಲ. ಒಟ್ಟು ಸೊಪ್ಪಿನ ಬಹುಪಾಲು ಆ ಒಂದು ವಾರದಲ್ಲೇ ಮುಗಿಯುತ್ತದೆ. ಸೊಪ್ಪು ಕೊಯ್ಯುವುದು, ಹೊತ್ತು ಹೊತ್ತಿಗೆ ಹಾಕುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದು. ಇದರಲ್ಲಿ ಹೆಚ್ಚಿನದು ಹೆಂಗಸರ, ಮಕ್ಕಳ ಕೆಲಸ.

ಅವರನ್ನು ಎಣಿಸಬೇಕಾದದ್ದು ಜನಗಣತಿ. 1961ರ ಗಣತಿ ಹಂಗಾಮಿನ ಹೆಚ್ಚಿನ ಭಾಗದಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ನಿಯತವಾಗಿ ದುಡಿದವರನ್ನೂ ಕೆಲಸಗಾರರೆಂದಿತು. 1971ರಲ್ಲಿ ಕೇಳಿದ್ದು ಮುಖ್ಯ ಚಟುವಟಿಕೆ ಯಾವುದೆಂದು. ಮನೆಗೆಲಸ ಎಂಬ ಉತ್ತರ ಬಂತು. ದೇಶದಲ್ಲಿ ದುಡಿಯುವ ಹೆಂಗಸರ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಗಂಡಸರ ಲೆಕ್ಕದಲ್ಲಿ ಅಂಥ ಕುಸಿತ ಕಾಣಲಿಲ್ಲ. ಈ ಎರಡು ಗಣತಿಗಳನ್ನು ಅಕ್ಕಪಕ್ಕ ಇಟ್ಟು, ರೇಷ್ಮೆಯಲ್ಲಿ ಶ್ರಮ ಸಾಂದ್ರತೆ ಇಳಿಯಿತು ಎಂದು ಬರೆದರೆ ಅದು ಪ್ರಶ್ನೆ ಬದಲಾದದ್ದರ ಇತಿಹಾಸ, ರೇಷ್ಮೆಯದಲ್ಲ. 1981ರಲ್ಲಿ 183 ದಿನಗಳಿಗಿಂತ ಕಡಿಮೆ ದುಡಿದವರಿಗೆ 'ಅಲ್ಪಾವಧಿ ಕೆಲಸಗಾರರು' ಎಂಬ ಕಂಬ ಸೇರಿತು. ತಡವಾಗಿಯಾದರೂ ಒಳ್ಳೆಯದೇ; ಆದರೆ ರಾತ್ರಿಯ ಸೊಪ್ಪನ್ನು ದಿನಗಳಲ್ಲಿ ಎಣಿಸುವುದು ಹೇಗೆ?

ಹಾಗಾಗಿ ನಾನೀಗ ತಲೆ ಎಣಿಸುವುದನ್ನು ಬಿಟ್ಟು, ಒಂದು ಕಿಲೋ ಗೂಡಿಗೆ ಎಷ್ಟು ಗಂಟೆ ಎಂದು ಕೇಳುತ್ತಿದ್ದೇನೆ. ಟೈಮ್‌ಶೀಟ್ ತುಂಬಿ ಬದುಕುವ ನಿಮಗೆ ಇದು ಹೊಸದಲ್ಲ. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲದ ಕಡೆಯವರು ಇಲ್ಲಿದ್ದರೆ ಊಟದ ಹೊತ್ತಿಗೆ ಸಿಗಿ. ನಿಮ್ಮ ಮನೆಯಲ್ಲಿ ರಾತ್ರಿ ಎದ್ದು ಸೊಪ್ಪು ಹಾಕುತ್ತಿದ್ದವರು ಯಾರು, ಎಷ್ಟು ಸಲ ಏಳುತ್ತಿದ್ದರು ಎಂದು ಹೇಳಿ. ಬರೆದುಕೊಳ್ಳಲು ಪುಸ್ತಕ ತಂದಿದ್ದೇನೆ.